ಚೀಲದ ಪೂರ್ವೋತ್ತರ

ಪದಾರ್ಥಗಳ ಚರಿತ್ರೆಯನ್ನು ಬರೆದವರು ಅನೇಕರುಂಟು. ಆ ಪದಾರ್ಥಗಳನ್ನು ಹೊತ್ತು ತಂದ ಚೀಲಗಳ ಚರಿತ್ರೆಯನ್ನು ಬರೆದವರು ವಿರಳ. ಮೆಣಸು ಯಾವ ರೇವಿನಿಂದ ಯಾವ ದೇಶಕ್ಕೆ ಹೋಯಿತೆಂಬುದಕ್ಕೆ ಗ್ರಂಥಗಳಿವೆ. ಅದು ಯಾವುದರಲ್ಲಿ ಕಟ್ಟಲ್ಪಟ್ಟು ಹೋಯಿತೆಂದು ಕೇಳಿದರೆ ಉತ್ತರವು ಸುಲಭವಾಗಿ ದೊರೆಯದು. ಬರಿದಾದೊಡನೆ ಮರೆತುಹೋಗುವುದೇ ಚೀಲದ ಸ್ವಭಾವವಾದುದರಿಂದ ಹೀಗಾಗಿರಬಹುದು. ಆದರೆ ಈಚಿನ ಅರವತ್ತು ವರ್ಷಗಳೊಳಗೆ ಲೋಕದಲ್ಲಿ ಹರಡಿಕೊಂಡ ಒಂದು ಬಗೆಯ ಚೀಲವು ಬರಿದಾದ ಮೇಲೂ ತನ್ನನ್ನು ಮರೆಯಗೊಡುತ್ತಿಲ್ಲ. ಚರಂಡಿಯ ಬಾಯಲ್ಲಿ, ಕೆರೆಯ ಕೋಡಿಯಲ್ಲಿ, ಬೇಲಿಯ ಮುಳ್ಳಿನಲ್ಲಿ, ಕಡೆಗೆ ಹಸುವಿನ ಹೊಟ್ಟೆಯಲ್ಲಿಯೂ ಅದು ಉಳಿದುಕೊಂಡು ತನ್ನ ಇರವನ್ನು ಸಾರುತ್ತಿದೆ. ಆದಕಾರಣ ಅದರ ಪೂರ್ವೋತ್ತರವನ್ನು ಸ್ವಲ್ಪ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಚೀಲವೆಂಬುದು ಈ ದೇಶಕ್ಕೆ ಹೊಸ ವಸ್ತುವಲ್ಲ. ಪಾಣಿನಿಯ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ, ಗೋಣ ಶಬ್ದವು ಸ್ತ್ರೀಪ್ರತ್ಯಯವನ್ನು ಹೊಂದಿ ‘ಗೋಣೀ’ ಎಂದಾಗುವುದು ‘ಆವಪನ’, ಎಂದರೆ ಧಾನ್ಯಾದಿಗಳನ್ನು ತುಂಬುವ ಸಾಧನ, ಎಂಬ ಅರ್ಥದಲ್ಲಿ ಎಂದು ವಿಧಿಸಲ್ಪಟ್ಟಿದೆ. ಕನ್ನಡಿಗರ ಗೋಣಿಯೂ ಆಂಗ್ಲರ ‘ಗನ್ನಿ’ಯೂ ಈ ಶಬ್ದದ ಸಂತತಿಯೇ. ಪತಂಜಲಿ ಮಹರ್ಷಿಯು ಮಹಾಭಾಷ್ಯದ ಆರಂಭದಲ್ಲಿಯೇ, ‘ಗೋ’ ಎಂಬ ಸಾಧುಶಬ್ದವನ್ನು ಜನರು ಹೇಗೆ ಹೇಗೆ ಕೆಡಿಸಿ ನುಡಿಯುತ್ತಾರೆಂಬುದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ‘ಗೋಣೀ’ ಎಂಬುದನ್ನೂ ಸೇರಿಸಿದ್ದಾನೆ. ಹೀಗೆ ಒಂದೇ ಶಬ್ದವು ವೈಯಾಕರಣರ ಬಾಯಲ್ಲಿ ಚೀಲವೂ ಪಾಮರರ ಬಾಯಲ್ಲಿ ಹಸುವೂ ಆಗಿತ್ತು. ಹಸುವಿಗೂ ಚೀಲಕ್ಕೂ ಇನ್ನೊಂದು ಬಗೆಯ ಸಂಬಂಧವು ಮುಂದೆ ಒದಗಲಿದೆಯೆಂದು ಆ ಭಾಷ್ಯಕಾರನು ಎಣಿಸಿರಲಾರನು. ಆ ವಿಷಯವು ಮುಂದೆ ಬರುತ್ತದೆ.

ಕರ್ಣಾಟಕದ ವರ್ತಕರಿಗೆ ಚೀಲವು ಎಷ್ಟು ಮಾನ್ಯವಾಗಿತ್ತೆಂಬುದನ್ನು ಶಾಸನಗಳು ತಿಳಿಸುತ್ತವೆ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತು, ದಕ್ಷಿಣಾಪಥವನ್ನೆಲ್ಲ ಸುತ್ತಿದ ಅಯ್ಯಾವೊಳೆಯ ಐನೂರ್ವರ ಪ್ರಶಸ್ತಿಯೊಂದರಲ್ಲಿ ಆ ಸಂಘದವರಿಗೆ ಭೂಮಂಡಲವೇ ಚೀಲವೆಂದೂ ದಿಕ್ಪಾಲಕರೇ ಅದರ ಮೂಲೆಯ ಕುಚ್ಚುಗಳೆಂದೂ ಭಾವ ಬರುವಂತೆ ಹೊಗಳಿಕೆಯಿದೆ. ಅರಸರನ್ನು ಹೊಗಳುವಾಗ ಖಡ್ಗವನ್ನೂ ಛತ್ರವನ್ನೂ ಹೇಳುವಂತೆ ಸೆಟ್ಟಿಗಳನ್ನು ಹೊಗಳುವಾಗ ಚೀಲವನ್ನು ಹೇಳಿದರು. ಎತ್ತಿನ ಬೆನ್ನಿನ ಮೇಲೆ ಎರಡು ಕಡೆಗೂ ಇಳಿಬೀಳುವ ಹಸುಬೆಯು ಇವರಿಗೆ ಅಂಗಡಿಯೂ ಉಗ್ರಾಣವೂ ಆಗಿದ್ದಿತು.

ಇನ್ನು ಮನೆಗಳ ವಿಚಾರ. ಕಾಳುಕಡ್ಡಿಗೆ ಗೋಣಿ, ಸಂತೆಗೆ ಬುಟ್ಟಿ ಅಥವಾ ಬಟ್ಟೆಯ ಕೈಚೀಲ, ಎಲೆ ಅಡಿಕೆಗೆ ಸಂಚಿ, ಭಿಕ್ಷೆಗೆ ಜೋಳಿಗೆ, ಎಣ್ಣೆಗೆ ಕುಡಿಕೆ, ಮೊಸರಿಗೆ ಗಡಿಗೆ ಎಂದು ಒಂದೊಂದಕ್ಕೂ ಒಂದೊಂದು ನಿಯತವಾಗಿತ್ತು. ಹೂವಾಡಗಿತ್ತಿಯು ಹೂವನ್ನು ಬಾಳೆಯೆಲೆಯಲ್ಲಿ ಸುತ್ತಿ ಬಾಳೆನಾರಿನಿಂದ ಬಿಗಿಯುತ್ತಿದ್ದಳು. ಮುತ್ತುಗದ ಎಲೆಯು ಊಟಕ್ಕೂ ಆಯಿತು, ಪೊಟ್ಟಣಕ್ಕೂ ಆಯಿತು. ದಕ್ಷಿಣ ಕನ್ನಡದಲ್ಲಿ ಅಕ್ಕಿಯನ್ನು ಬತ್ತದ ಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದಲೇ ಗುಂಡಗೆ ಬಿಗಿದು ಕಟ್ಟಿದ ‘ಮುಡಿ’ಯಂತೂ ಕೇವಲ ಕಟ್ಟಾಗಿ ಉಳಿಯದೆ ಅಳತೆಯ ಹೆಸರೇ ಆಗಿಹೋಯಿತು, ಗೇಣಿಯ ಲೆಕ್ಕವು ಮುಡಿಗಳಲ್ಲಿ ನಡೆಯಿತು. ಮಳೆಗಾಲವನ್ನೆಲ್ಲ ಅಟ್ಟದ ಮೇಲೆ ಕಳೆದ ಅಕ್ಕಿಮುಡಿಯನ್ನು ಬಿಚ್ಚಿದ ಮೇಲೆ ಆ ಹುಲ್ಲು ಕೊಟ್ಟಿಗೆಗೋ ಗೊಬ್ಬರದ ಗುಂಡಿಗೋ ಹೋಗುತ್ತಿತ್ತೇ ಹೊರತು ಬೀದಿಗೆ ಬೀಳುತ್ತಿರಲಿಲ್ಲ.

ಇಲ್ಲಿ ವಾಚಕರು ಗಮನಿಸತಕ್ಕ ಅಂಶವೊಂದುಂಟು. ಮಣ್ಣು, ಹುಲ್ಲು, ನಾರು, ಎಲೆ ಎಂಬ ದ್ರವ್ಯಭೇದಕ್ಕಿಂತ ಮುಖ್ಯವಾದುದು ಸ್ವಾಮ್ಯಭೇದ. ಎಲೆಯ ಪೊಟ್ಟಣವೊಂದನ್ನು ಬಿಟ್ಟರೆ, ಪದಾರ್ಥವು ಮಾರುವವನದು, ಪಾತ್ರೆಯು ಕೊಳ್ಳುವವನದು. ಎಣ್ಣೆ ಬೇಕಾದವನು ಗಾಣದ ಬಳಿಗೆ ಕುಡಿಕೆಯನ್ನು ಒಯ್ಯಬೇಕು. ಸೊಪ್ಪು ಬೇಕಾದವಳು ಬಾಗಿಲಿಗೆ ಮೊರವನ್ನು ತರಬೇಕು. ತನ್ನದಾದ ಪಾತ್ರೆಯನ್ನು ಯಾರೂ ಬೀದಿಯಲ್ಲಿ ಎಸೆಯುವುದಿಲ್ಲ. ಚೀಲವು ಹರಿದರೆ ಹೊಲಿದರು. ಹೊಲಿಯಲಾಗದಷ್ಟು ಹರಿದರೆ ಬಾಗಿಲಲ್ಲಿ ಕಾಲೊರಸಲು ಹಾಸಿದರು. ಈ ಪದ್ಧತಿಯೆಲ್ಲವೂ ಸದ್ಗುಣದ ಫಲವೆಂದು ಹೇಳುವುದು ಸತ್ಯವಾಗದು. ಬಡತನವೂ ಅದಕ್ಕೆ ಕಾರಣವಾಗಿತ್ತು. ಪರರ ಪಾತ್ರೆಯನ್ನು ಮುಟ್ಟಬಾರದೆಂಬ ಮಡಿಮೈಲಿಗೆಯ ಕಟ್ಟುಪಾಡೂ ಕಾರಣವಾಗಿತ್ತು, ಮತ್ತು ಆ ಕಟ್ಟುಪಾಡಿನಿಂದ ನೊಂದವರು ಅನೇಕರು. ಗೋಣಿಯಲ್ಲಿ ನುಸಿ ಸೇರುತ್ತಿತ್ತು, ಕುಡಿಕೆಯಿಂದ ಎಣ್ಣೆ ತುಳುಕುತ್ತಿತ್ತು, ಮಳೆಗೆ ಸಿಕ್ಕ ಬೆಲ್ಲ ಕರಗಿಹೋಗುತ್ತಿತ್ತು. ಹಿಂದಿನದೆಲ್ಲ ಸ್ವರ್ಗವೆಂಬ ಭಾವನೆಯಿಂದ ಚರಿತ್ರೆಗೆ ಉಪಕಾರವಿಲ್ಲ. ಆದರೂ ಚೀಲವು ಮನೆಯ ಸೊತ್ತಾಗಿತ್ತೆಂಬುದು ಸತ್ಯ. ಮುಂದಿನ ಕಥೆಯೆಲ್ಲವೂ ಅದು ಮನೆಯಿಂದ ಅಂಗಡಿಗೆ ಹೇಗೆ ವರ್ಗವಾಯಿತೆಂಬ ಕಥೆಯೇ ಆಗಿದೆ.

ಈ ವರ್ಗಾವಣೆಯ ಮೊದಲನೆಯ ಹೆಜ್ಜೆ ಯಂತ್ರದ್ದು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಬೆಂಗಳೂರಿನ ಸುತ್ತಮುತ್ತ ಸೆಣಬಿನ ನಾರಿನಿಂದ ಗೋಣಿಯನ್ನು ನೇಯುವ ಜನರನ್ನು ಕಂಡು ಅವರ ಕಸುಬನ್ನು ವಿವರಿಸಿದ್ದಾನೆ. ಆ ಕಾಲಕ್ಕೆ ಗೋಣಿಯು ಊರೂರಿನ ಕೈಗೆಲಸ. ಕೆಲವೇ ದಶಕಗಳಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದವರು ಬಂಗಾಳದ ಸೆಣಬನ್ನು ತಿಮಿಂಗಿಲದ ಎಣ್ಣೆಯಿಂದ ಮೆದುಗೊಳಿಸಿ ಯಂತ್ರದಲ್ಲಿ ನೂಲುವ ಉಪಾಯವನ್ನು ಸಾಧಿಸಿಕೊಂಡರು. 1838ರಲ್ಲಿ ಡಚ್ಚರ ಸರ್ಕಾರವು ತನ್ನ ಪೂರ್ವ ದ್ವೀಪಗಳ ಕಾಫಿಗೆ ಸೆಣಬಿನ ಚೀಲವೇ ಆಗಬೇಕೆಂದು ನಿರ್ಣಯಿಸಿದುದರಿಂದ ಆ ಉದ್ಯಮಕ್ಕೆ ದೊಡ್ಡ ಬೆಂಬಲ ಸಿಕ್ಕಿತು. 1855ರಲ್ಲಿ ಜಾರ್ಜ್ ಆಕ್ಲೆಂಡ್ ಎಂಬವನು ಕಲ್ಕತ್ತೆಗೆ ಸಮೀಪದಲ್ಲಿ, ಹೂಗ್ಲಿ ನದಿಯ ದಡದ ರಿಶ್ರಾ ಎಂಬ ಊರಿನಲ್ಲಿ, ಈ ದೇಶದ ಮೊದಲನೆಯ ಸೆಣಬಿನ ನೂಲುವ ಕಾರ್ಖಾನೆಯನ್ನು ಸ್ಥಾಪಿಸಿದನು. ವಾಚಕರು ರಿಶ್ರಾ ಎಂಬ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅಂದಿನಿಂದ ಗೋಣಿಯು ಅಗ್ಗವಾಯಿತು, ಹೇರಳವಾಯಿತು. ಆದರೂ ಹೊಲಿದು ಹೊಲಿದು ಬಳಸುವಷ್ಟು ಬೆಲೆಯನ್ನು ಅದು ಕಳೆದುಕೊಳ್ಳಲಿಲ್ಲ.

ಎರಡನೆಯ ಹೆಜ್ಜೆ ಕಾಗದದ್ದು. ಅಮೆರಿಕೆಯ ಪೆನ್ಸಿಲ್ವೇನಿಯಾ ಪ್ರಾಂತದ ಫ್ರಾನ್ಸಿಸ್ ವೋಲ್ ಎಂಬ ಉಪಾಧ್ಯಾಯನು 1852ರಲ್ಲಿ ಕಾಗದದ ಚೀಲವನ್ನು ಮಾಡುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಆ ಚೀಲಕ್ಕೆ ಚಪ್ಪಟೆಯಾದ ತಳವಿರಲಿಲ್ಲ. ಮೇಜಿನ ಮೇಲೆ ನಿಲ್ಲುತ್ತಿರಲಿಲ್ಲ. ಈ ಕೊರತೆಯನ್ನು ನೀಗಿದವಳು ಮಾರ್ಗರೆಟ್ ನೈಟ್ ಎಂಬ ಹೆಂಗಸು. ಅವಳ ಯಂತ್ರವನ್ನು ನೋಡಿ ಹೋದ ಒಬ್ಬ ಗಂಡಸು ಅದು ತನ್ನದೇ ಕಲ್ಪನೆಯೆಂದು ಹಕ್ಕನ್ನು ಬೇಡಿದನು. ನೈಟಳು ವ್ಯಾಜ್ಯ ಹೂಡಿ, ತನ್ನ ನಕ್ಷೆಗಳನ್ನೂ ಟಿಪ್ಪಣಿಗಳನ್ನೂ ಸಾಕ್ಷ್ಯವಾಗಿ ತಂದು ಗೆದ್ದು, 1871ರಲ್ಲಿ ಹಕ್ಕುಪತ್ರವನ್ನು ತನ್ನ ಹೆಸರಿಗೆ ಮಾಡಿಕೊಂಡಳು. ಅಂಗಡಿಯವನೇ ಚೀಲವನ್ನು ಕೊಡುವ, ಗಿರಾಕಿಯು ಬರಿಗೈಯಲ್ಲಿ ಬರುವ ರೂಢಿಯು ಪಶ್ಚಿಮದಲ್ಲಿ ಬೇರೂರಿದುದು ಈ ಕಾಗದದ ಚೀಲದಿಂದ. ಈ ನಾಡಿನಲ್ಲಿ ಅದರ ಕೆಲಸವನ್ನು ಮಾಡಿದುದು ಹಳೆಯ ವೃತ್ತಪತ್ರಿಕೆ. ಅಂಗಡಿಯ ತೊಲೆಯಿಂದ ತೂಗುಬಿದ್ದ ದಾರದ ಉಂಡೆಯಿಂದ ದಾರವನ್ನು ಸರ್ರನೆ ಎಳೆದು ಸಕ್ಕರೆಯ ಪೊಟ್ಟಣವನ್ನು ನಾಲ್ಕು ಸುತ್ತು ಸುತ್ತುವ ಶೆಟ್ಟರ ಕೈಚಳಕವನ್ನು ಕಂಡ ಹಿರಿಯರು ಇಂದಿಗೂ ಎಷ್ಟೋ ಮಂದಿ ಇದ್ದಾರೆ. ಆ ದಾರವನ್ನೂ ಮನೆಯಲ್ಲಿ ಬಿಚ್ಚಿ ಉಂಡೆ ಸುತ್ತಿಡುತ್ತಿದ್ದರು. ಅಚ್ಚಿನ ಮಸಿಯು ಆಹಾರಕ್ಕೆ ಹತ್ತುವುದು ಕೆಡುಕೆಂದು ಭಾರತ ಸರ್ಕಾರದ 2018ರ ನಿಬಂಧನೆಗಳು ತಿನಿಸನ್ನು ವೃತ್ತಪತ್ರಿಕೆಯಲ್ಲಿ ಕಟ್ಟುವುದನ್ನು ನಿಷೇಧಿಸಿವೆ. ಆದುದರಿಂದ ಆ ಪೊಟ್ಟಣವನ್ನು ಹಾಗೆಯೇ ಮರಳಿ ತರಬೇಕೆನ್ನುವುದು ಈಗ ಸಲ್ಲದು.

ಮೂರನೆಯದು ಪ್ರಕೃತ ವಸ್ತುವಾದ ಪಾಲಿಥೀನು. ಇದರ ಜನನವು ಆಕಸ್ಮಿಕ. ಅದೂ ಎರಡು ಬಾರಿ. 1898ರಲ್ಲಿ ಜರ್ಮನಿಯ ಹನ್ಸ್ ಫಾನ್ ಪೆಖ್‌ಮನ್ ಎಂಬ ರಸಾಯನಜ್ಞನು ಬೇರೊಂದು ಪ್ರಯೋಗದಲ್ಲಿದ್ದಾಗ ಪಾತ್ರೆಯ ತಳದಲ್ಲಿ ಮೇಣದಂತಹ ಬಿಳಿಯ ವಸ್ತುವನ್ನು ಕಂಡನು. ಅದರಿಂದ ಏನು ಪ್ರಯೋಜನವೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಅನಂತರ 1933ನೆಯ ಇಸವಿ ಮಾರ್ಚಿಯಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಎಂಬಲ್ಲಿ, ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ, ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಂಬವರು ಎಥಿಲೀನ್ ಅನಿಲವನ್ನು ಬೆಂಜಾಲ್ಡಿಹೈಡಿನೊಡನೆ ಅತಿಶಯವಾದ ಒತ್ತಡಕ್ಕೆ ಗುರಿಮಾಡಿದಾಗ ಅದೇ ಬಿಳಿಯ ಮೇಣವು ಕಾಣಿಸಿಕೊಂಡಿತು. ಮತ್ತೆ ಮಾಡಹೋದರೆ ಅದು ನಿಯತವಾಗಿ ಸಿಕ್ಕಲಿಲ್ಲ. 1935ರಲ್ಲಿ ಮೈಕೇಲ್ ಪೆರಿನ್ ಎಂಬವನು ಅದನ್ನು ಬೇಕಾದಾಗ ಬರಿಸುವ ವಿಧಾನವನ್ನು ಕಂಡುಕೊಂಡನು. 1939ರಲ್ಲಿ ಕಾರ್ಖಾನೆಯ ಉತ್ಪತ್ತಿ ಆರಂಭವಾಯಿತು. ಅದೇ ವರ್ಷ ಮಹಾಯುದ್ಧವೂ ಹೊತ್ತಿಕೊಂಡಿತು. ವಿದ್ಯುತ್ತನ್ನು ಹೊರಗೆ ಬಿಡದ ಈ ದ್ರವ್ಯವು ರೇಡಾರ್ ಯಂತ್ರದ ತಂತಿಗಳಿಗೆ ಹೊದಿಕೆಯಾಗಿ, ಬಹುಕಾಲ ಗುಟ್ಟಾಗಿಯೇ ಇದ್ದಿತು. ಚೀಲವಾಗುವ ಮೊದಲು ಅದು ಆಯುಧದ ಅಂಗವಾಗಿತ್ತು.

1953ರಲ್ಲಿ ಜರ್ಮನಿಯ ಕಾರ್ಲ್ ತ್ಸೀಗ್ಲರನು ಅತಿ ಒತ್ತಡವಿಲ್ಲದೆಯೇ ಇನ್ನೂ ಗಟ್ಟಿಯಾದ ಪಾಲಿಥೀನನ್ನು ಮಾಡುವ ಮಾರ್ಗವನ್ನು ತೋರಿಸಿದನು. 1963ರಲ್ಲಿ ಇಟಲಿಯ ಜೂಲಿಯೊ ನಾಟ್ಟಾನೊಡನೆ ನೋಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಈ ಗಟ್ಟಿ ಜಾತಿಯನ್ನು ಬಹು ತೆಳ್ಳಗೆ ಹಿಗ್ಗಿಸಬಹುದು. ಹಿಗ್ಗಿಸಿದರೂ ಭಾರವನ್ನು ತಡೆಯುತ್ತದೆ. ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ತುಲಿನ್ ಎಂಬ ಎಂಜಿನಿಯರನು ಪಾಲಿಥೀನಿನ ಕೊಳವೆಯನ್ನು ಮಡಿಸಿ, ಬೆಸೆದು, ಮೇಲುಭಾಗವನ್ನು ಕತ್ತರಿಸಿ, ಹಿಡಿಕೆಯೂ ಚೀಲವೂ ಏಕಖಂಡವಾಗಿರುವಂತೆ ರಚಿಸಿದನು. ಸೆಲ್ಲೊಪ್ಲಾಸ್ಟ್ ಎಂಬ ಸಂಸ್ಥೆಗೆ ಇದರ ಹಕ್ಕುಪತ್ರವು ಅಮೆರಿಕೆಯಲ್ಲಿ 1965ರಲ್ಲಿ ದೊರೆಯಿತು. ಇಂದು ಮೂಲೆ ಮೂಲೆಯಲ್ಲಿ ಕಾಣುವ ಚೀಲವು ಇದೇ. ತೂಕ ಸುಮಾರು 8 ಗ್ರಾಂ. ಹೊರುವುದು ತನ್ನ ತೂಕದ ನೂರಾರು ಪಾಲು. ತುಲಿನನ ಉದ್ದೇಶವೇನಾಗಿತ್ತು? ಕಾಗದದ ಚೀಲಕ್ಕಾಗಿ ಮರಗಳನ್ನು ಕಡಿಯುವುದು ತಪ್ಪಲಿ, ಒಂದೇ ಚೀಲವನ್ನು ಜನರು ಮತ್ತೆ ಮತ್ತೆ ಬಳಸಲಿ ಎಂಬುದೇ. ತಂದೆಯು ಯಾವಾಗಲೂ ಒಂದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದನೆಂದು ಅವನ ಮಗನು ಹೇಳಿದ್ದಾನೆ. ಒಮ್ಮೆ ಬಳಸಿ ಎಸೆಯುವ ಕಲ್ಪನೆಯು ಚೀಲವನ್ನು ಮಾಡಿದವನದಲ್ಲ. ಅದನ್ನು ಬೆಲೆಯಿಲ್ಲದೆ ಹಂಚಿದ ವರ್ತಕರದೂ ಬೆಲೆಯಿಲ್ಲವೆಂದು ತೆಗೆದುಕೊಂಡ ಗಿರಾಕಿಗಳದೂ ಆಗಿದೆ. 1982ರಲ್ಲಿ ಅಮೆರಿಕೆಯ ಸೇಫ್‌ವೇ, ಕ್ರೋಗರ್ ಎಂಬ ಎರಡು ದೊಡ್ಡ ಅಂಗಡಿಮಾಲೆಗಳು ಕಾಗದವನ್ನು ಬಿಟ್ಟು ಇದನ್ನು ಹಿಡಿದ ಮೇಲೆ ಉಳಿದವರು ಹಿಂದೆ ಬಿದ್ದರು.

ಭಾರತದಲ್ಲಿ ಪಾಲಿಥೀನಿನ ಉತ್ಪತ್ತಿಯು ಮೊದಲಾದುದು 1959ರಲ್ಲಿ. ಸ್ಥಳವಾವುದೆಂದರೆ, ರಿಶ್ರಾ! ಸೆಣಬಿನ ಮೊದಲನೆಯ ಕಾರ್ಖಾನೆ ಹುಟ್ಟಿ ನೂರನಾಲ್ಕು ವರ್ಷಗಳಾದ ಮೇಲೆ ಅದೇ ಹೂಗ್ಲಿಯ ದಡದ ಅದೇ ಊರಿನಲ್ಲಿ ಸೆಣಬಿನ ಪ್ರತಿಸ್ಪರ್ಧಿಯೂ ಹುಟ್ಟಿತು. ಗಟ್ಟಿ ಜಾತಿಯ ಪಾಲಿಥೀನು 1968ರಲ್ಲಿ ಬಂದಿತು. ಈ ನಡುವೆ ಸೆಣಬಿಗೆ ಇನ್ನೊಂದು ಪೆಟ್ಟು ಬಿದ್ದಿದ್ದಿತು: 1947ರ ದೇಶವಿಭಾಗದಲ್ಲಿ ಕಾರ್ಖಾನೆಗಳು ಈಚೆಯ ದಡದಲ್ಲಿಯೂ ಒಳ್ಳೆಯ ಸೆಣಬಿನ ಹೊಲಗಳಲ್ಲಿ ಬಹುಪಾಲು ಆಚೆಯ ಪೂರ್ವ ಬಂಗಾಳದಲ್ಲಿಯೂ ಉಳಿದುವು. ಆಹಾರಧಾನ್ಯಕ್ಕೂ ಸಕ್ಕರೆಗೂ ಸೆಣಬಿನ ಚೀಲವನ್ನು ಕಡ್ಡಾಯಪಡಿಸುವುದಕ್ಕಾಗಿ 1987ರಲ್ಲಿ ಶಾಸನವನ್ನೇ ಮಾಡಬೇಕಾಯಿತೆಂದರೆ ಗೋಣಿಯ ಸ್ಥಿತಿಯು ಎಲ್ಲಿಗೆ ಬಂದಿತ್ತೆಂಬುದನ್ನು ಊಹಿಸಬಹುದು.

ಕನ್ನಡನಾಡಿನ ಮನೆಗಳಿಗೆ ಈ ಚೀಲವು ಪ್ರವೇಶಿಸಿದಾಗ ಜನರು ಅದಕ್ಕೆ ಹಳೆಯ ಹೆಸರುಗಳನ್ನೇ ಇಟ್ಟರು. ಮಲೆನಾಡಿನವರು ಅಡಿಕೆಯ ಗೊನೆಯನ್ನು ಕೊಳೆರೋಗದಿಂದ ಕಾಪಾಡಲು ಕರಡದ ಹುಲ್ಲಿನಿಂದ ಕಟ್ಟುತ್ತಿದ್ದ ‘ಕೊಟ್ಟೆ’ಯ ಹೆಸರನ್ನು ಇದಕ್ಕೆ ಕೊಟ್ಟರು. ತುಳುನಾಡಿನಲ್ಲಿ ಇದು ‘ತೊಟ್ಟೆ’ಯಾಯಿತು. ಬೆಂಗಳೂರು ಮೈಸೂರುಗಳ ಕಡೆ ಮಾತ್ರ ಆಂಗ್ಲದಿಂದ ಬಂದ ‘ಕವರ್’ ಎಂಬ ಹೆಸರು ನಿಂತಿತು. ಮಲೆನಾಡಿನ ಕೃಷಿಕನಿಗೆ ಹುಲ್ಲಿನ ಕೊಟ್ಟೆಗಿಂತ ಪ್ಲಾಸ್ಟಿಕ್ಕಿನ ಕೊಟ್ಟೆಯು ಅನುಕೂಲವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ನೂರಾರು ಅಂಗುಲ ಮಳೆ ಬೀಳುವ ಕಡೆ ನೀರನ್ನು ಒಳಗೆ ಬಿಡದ ಹಗುರವಾದ ಹಾಳೆಯು ವರವೇ ಸರಿ. ಪೇಟೆಯ ಗೃಹಸ್ಥನಿಗೆ ಬೇರೆಯ ಅನುಕೂಲ. ಹಿಂದೆ ಸಂತೆಗೆ ಹೋಗುವವನು ಮನೆಯಿಂದಲೇ ಹೊರಡುತ್ತಿದ್ದನು. ಚೀಲವು ಗೂಟದಲ್ಲಿ ತೂಗುತ್ತಿತ್ತು, ಕೈಗೆ ಬರುತ್ತಿತ್ತು. ಕಚೇರಿಯ ಉದ್ಯೋಗವೂ ಬಸ್ಸಿನ ಪ್ರಯಾಣವೂ ಬಂದ ಮೇಲೆ ಪದಾರ್ಥವನ್ನು ಕೊಳ್ಳುವುದು ದಾರಿಯಲ್ಲಿ, ಮನೆಗೆ ಮರಳುವಾಗ. ಬೆಳಿಗ್ಗೆ ಕಚೇರಿಗೆ ಹೋಗುವವನು ಸಂಜೆಯ ಬದನೆಕಾಯಿಗಾಗಿ ಚೀಲವನ್ನು ಹಿಡಿದು ಹೊರಡಬೇಕೆಂದರೆ ಅದೊಂದು ಹೊಸ ಅಭ್ಯಾಸ. ಅಂಗಡಿಯವನು ಆ ತೊಂದರೆಯನ್ನು ತಪ್ಪಿಸಿದನು. ಇದನ್ನು ಕೇವಲ ಸೋಮಾರಿತನವೆಂದು ಹಳಿಯುವವರು ದಿನಚರಿಯೇ ಬದಲಾದುದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಇದರ ಜೊತೆಗೆ ಮಾನದ ಪ್ರಶ್ನೆಯೂ ಸೇರಿಕೊಂಡಿತು. ಮದುವೆಯ ಮನೆಯಲ್ಲಿ ತಾಂಬೂಲದೊಡನೆ ಕೊಡುತ್ತಿದ್ದ ಬಟ್ಟೆಯ ಚೀಲವನ್ನು ಪೇಟೆಯಲ್ಲಿ ಹಿಡಿದವನು ಹಳ್ಳಿಯವನೆಂದು ನಗೆಪಾಟಲಾಗುವ ಕಾಲವೊಂದು ಬಂದಿತು. ನೆರೆಯ ತಮಿಳುನಾಡಿನ ಸರ್ಕಾರವು 2021ರ ಡಿಸೆಂಬರಿನಲ್ಲಿ ಆ ಹಳದಿ ಚೀಲವನ್ನೇ ಮತ್ತೆ ಮನೆಗೆ ಕರೆಯುವ ಚಳವಳಿಯನ್ನು ಆರಂಭಿಸಿತೆಂಬುದು ಗಮನಾರ್ಹ.

ಕೆಡುಕು ಕಾಣಿಸಿಕೊಂಡುದು ಮೊದಲು ನೀರಿನಲ್ಲಿ. ಢಾಕಾ ನಗರದಲ್ಲಿ 1988 ಮತ್ತು 1998ರ ಮಹಾಪ್ರವಾಹಗಳ ನೀರು ಇಳಿಯದೆ ನಿಂತುದಕ್ಕೆ ಚರಂಡಿಗಳನ್ನು ಮುಚ್ಚಿದ ಪಾಲಿಥೀನ್ ಚೀಲಗಳೂ ಕಾರಣವೆಂದು ಗೊತ್ತಾಯಿತು. ಬಾಂಗ್ಲಾದೇಶವು 2002ರಲ್ಲಿ, ಜನವರಿಯಲ್ಲಿ ಢಾಕಾಕ್ಕೂ ಮಾರ್ಚಿಯಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆಯೂ, ತೆಳು ಚೀಲಗಳನ್ನು ನಿಷೇಧಿಸಿತು. ಇಡೀ ದೇಶಕ್ಕೆ ಇಂತಹ ನಿಷೇಧವನ್ನು ವಿಧಿಸಿದವರಲ್ಲಿ ಅದೇ ಮೊದಲು. ಮುಂಬಯಿಯಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜಿನ ಮಾಪನದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಅನಾಹುತವಾದಾಗಲೂ ಈ ಚೀಲದ ಹೆಸರು ಕೇಳಿಬಂದಿತು. ಮಿಠೀ ನದಿಯ ದಡವನ್ನು ಒತ್ತಿ ಕಟ್ಟಿದ ಕಟ್ಟಡಗಳ ಪಾಪವನ್ನೆಲ್ಲ ಚೀಲದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಅದಕ್ಕೆ ಸಲ್ಲುವ ಪಾಲು ಸಣ್ಣದಲ್ಲ.

ಇನ್ನು ಹಸುವಿನ ಮಾತು. ಮನೆಯಲ್ಲಿ ಉಳಿದ ಅನ್ನ, ತರಕಾರಿಯ ಸಿಪ್ಪೆ, ಹಣ್ಣಿನ ತಿರುಳು ಇವನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಬಾಯಿಗೆ ಗಂಟು ಹಾಕಿ, ಬೀದಿಯ ತಿರುವಿನಲ್ಲಿ ಇಟ್ಟುಬರುವುದು ಶುಚಿಯ ಲಕ್ಷಣವೆಂದು ಅನೇಕ ಸುಶಿಕ್ಷಿತ ಗೃಹಸ್ಥರು ಭಾವಿಸಿದ್ದಾರೆ. ಹಸುವಿಗೆ ಗಂಟು ಬಿಚ್ಚುವ ಕೈಯಿಲ್ಲ. ಅದು ತುಟಿಯಿಂದ ಆರಿಸಿ ತಿನ್ನುವ ಪ್ರಾಣಿಯೂ ಅಲ್ಲ. ನಾಲಿಗೆಯಿಂದ ಸುತ್ತಿ, ಸೆಳೆದು, ಅಗಿಯದೆ ನುಂಗಿ, ಆಮೇಲೆ ಮೆಲುಕು ಹಾಕುವುದು ಅದರ ಕ್ರಮ. ಅನ್ನದ ವಾಸನೆಗೆ ಚೀಲವೂ ಒಳಹೋಗುತ್ತದೆ. ಮೊದಲನೆಯ ಜಠರಕೋಶಕ್ಕೆ ಸೇರಿದ ಪಾಲಿಥೀನು ಕರಗುವುದಿಲ್ಲ, ಮುಂದಕ್ಕೆ ಸಾಗುವುದಿಲ್ಲ, ಮೆಲುಕಿಗೆ ಮರಳುವುದೂ ಇಲ್ಲ. ಒಂದರೊಡನೊಂದು ಹೆಣೆದುಕೊಂಡು ಹಗ್ಗದ ಉಂಡೆಯಂತಾಗುತ್ತದೆ. ಹೊಟ್ಟೆ ತುಂಬಿದಂತೆ ಉಬ್ಬಿರುವ ಹಸು ಹಸಿವಿನಿಂದಲೇ ಬಡವಾಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಒಂದೊಂದು ಹಸುವಿನ ಹೊಟ್ಟೆಯಿಂದ ಹತ್ತಾರು ಕಿಲೋಗ್ರಾಂ ಪ್ಲಾಸ್ಟಿಕ್ಕನ್ನು ತೆಗೆದಿರುವ ಪಶುವೈದ್ಯರಿದ್ದಾರೆ. ಆಂಧ್ರಪ್ರದೇಶದ ಪುಟ್ಟಪರ್ತಿಯ ಕರುಣಾ ಸೊಸೈಟಿಯು ಈ ವಿಷಯವಾಗಿಯೇ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿಯನ್ನು ಸಲ್ಲಿಸಿತು. ಶುಕ್ರವಾರ ಗೋಪೂಜೆಯನ್ನು ಮಾಡಿ ಶನಿವಾರ ಆ ಗಂಟನ್ನು ಬೀದಿಗಿಡುವ ಮನೆಗಳು ಕಡಮೆಯಿಲ್ಲ. ಇದು ಶಾಸ್ತ್ರವಿರೋಧವೋ ಲೋಕವಿರೋಧವೋ ಎಂಬ ಚರ್ಚೆಯೇ ಅನಾವಶ್ಯಕ.

ಸರ್ಕಾರಗಳು ಸುಮ್ಮನಿರಲಿಲ್ಲ. ಸಿಕ್ಕಿಂ ರಾಜ್ಯವು 1998ರಷ್ಟು ಹಿಂದೆಯೇ ಪ್ಲಾಸ್ಟಿಕ್ ಚೀಲವನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ 1999ರ ನಿಯಮಗಳು ಚೀಲದ ಹಾಳೆಯು 20 ಮೈಕ್ರಾನಿಗಿಂತ ತೆಳ್ಳಗಿರಕೂಡದೆಂದುವು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ಅಳತೆಯು 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರಿನಲ್ಲಿ 75, 2022ರ ಕೊನೆಗೆ 120 ಆಯಿತು. ದಪ್ಪವನ್ನು ಹೆಚ್ಚಿಸಿದರೆ ಪ್ಲಾಸ್ಟಿಕ್ಕು ಹೆಚ್ಚಿದಂತಾಗಲಿಲ್ಲವೆ ಎಂದು ಕೇಳುವವರುಂಟು. ಇದರ ಮರ್ಮವು ಬೇರೆ. ತೆಳು ಚೀಲವನ್ನು ಅಂಗಡಿಯವನು ಬಿಟ್ಟಿ ಕೊಡಬಲ್ಲನು, ದಪ್ಪ ಚೀಲವನ್ನು ಕೊಡಲಾರನು. ತೆಳು ಚೀಲಗಳನ್ನು ಚಿಂದಿ ಆಯುವವರು ದಿನವೆಲ್ಲ ಆಯ್ದರೂ ತೂಕಕ್ಕೆ ಬಾರದು, ದಪ್ಪ ಚೀಲಕ್ಕೆ ನಾಲ್ಕು ಕಾಸು ಸಿಕ್ಕೀತು. ಕರ್ನಾಟಕ ಸರ್ಕಾರವು ದಪ್ಪ ತೆಳುಗಳ ಈ ಲೆಕ್ಕವನ್ನೇ ಬಿಟ್ಟು, 2016ರ ಮಾರ್ಚಿ 11ರ ಅಧಿಸೂಚನೆಯಿಂದ ಪ್ಲಾಸ್ಟಿಕ್ಕಿನ ಕೈಚೀಲಗಳ ತಯಾರಿಕೆ, ಮಾರಾಟ, ಬಳಕೆಗಳನ್ನೆಲ್ಲ ರಾಜ್ಯಾದ್ಯಂತ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶವ್ಯಾಪಿ ನಿಷೇಧವು 2022ರ ಜುಲೈ 1ರಿಂದ ಬಂದಿತು. ಅಧಿಸೂಚನೆಯು ಬಂದಿತು, ಸಂತೆಯಲ್ಲಿ ಚೀಲವೂ ಇದೆ. ದೊಡ್ಡ ಅಂಗಡಿಗಳು ಹೆದರಿ ಬಿಟ್ಟುವು, ತಳ್ಳುಗಾಡಿಯವನು ಗಿರಾಕಿ ಹೋದಾನೆಂಬ ಭಯದಿಂದ ಬಿಡಲಿಲ್ಲ. ದಂಡವು ಹೆಚ್ಚಾಗಿ ಬಿದ್ದುದು ಅವನ ಮೇಲೆಯೇ. ಚೀಲವನ್ನು ಕೇಳಿದ ಗೃಹಸ್ಥನ ಮೇಲೆ ಅಲ್ಲ.

ಐರ್ಲೆಂಡಿನವರು ಹಿಡಿದ ಮಾರ್ಗ ಬೇರೆ. ಅವರು ನಿಷೇಧಿಸಲಿಲ್ಲ. 2002ರ ಮಾರ್ಚಿ 4ರಿಂದ ಚೀಲವೊಂದಕ್ಕೆ 15 ಸೆಂಟು ತೆರಿಗೆಯನ್ನು ವಿಧಿಸಿ, ಅದನ್ನು ಗಿರಾಕಿಯೇ ಕೊಡಬೇಕೆಂದರು. ವರ್ಷಕ್ಕೆ ತಲೆಯೊಂದಕ್ಕೆ 328 ಚೀಲಗಳಿದ್ದ ಬಳಕೆಯು 21ಕ್ಕೆ ಇಳಿಯಿತು. ಕ್ರಮೇಣ ಅದು ಮತ್ತೆ ಏರತೊಡಗಲು 2007ರಲ್ಲಿ ತೆರಿಗೆಯನ್ನು 22 ಸೆಂಟಿಗೆ ಹೆಚ್ಚಿಸಿದರು. ಹದಿನೈದು ಸೆಂಟು ಅಲ್ಲಿಯವರಿಗೆ ದೊಡ್ಡ ಹಣವಲ್ಲ. ಆದರೆ ಚೀಲ ಬೇಕೇ ಎಂದು ಅಂಗಡಿಯವನು ಕೇಳಿದಾಗ, ಬೇಕೆಂದು ನಾಲ್ಕು ಜನರೆದುರಿಗೆ ಹೇಳಬೇಕಾಯಿತು. ಬಿಟ್ಟಿಯಾಗಿ ಬರುತ್ತಿದ್ದುದು ಬೆಲೆಯುಳ್ಳ ವಸ್ತುವಾದೊಡನೆ ಜನರು ಮನೆಯ ಚೀಲವನ್ನು ಹುಡುಕಿ ತೆಗೆದರು. ಇದಕ್ಕೆ ಹೋಲಿಸಿದರೆ ಬಾಂಗ್ಲಾದೇಶದ ಅನುಭವವು ವಿಷಾದಕರ. ಕಠಿನವಾದ ನಿಷೇಧವಿದ್ದರೂ ಬಡ ಗಿರಾಕಿಗೆ ಅಷ್ಟೇ ಅಗ್ಗವಾದ ಬದಲು ಚೀಲ ಸಿಕ್ಕದುದರಿಂದ ಪಾಲಿಥೀನು ಮೆಲ್ಲನೆ ಮರಳಿತು. 2024ರ ಅಕ್ಟೋಬರಿನಲ್ಲಿ ದೊಡ್ಡ ಅಂಗಡಿಗಳಲ್ಲಿ, ನವೆಂಬರಿನಲ್ಲಿ ತರಕಾರಿಯ ಪೇಟೆಗಳಲ್ಲಿ, ಅಲ್ಲಿಯ ಸರ್ಕಾರವು ಹಳೆಯ ನಿಷೇಧವನ್ನೇ ಮತ್ತೆ ಜಾರಿಗೆ ತರಲು ಹೊರಟಿತು. ಸೆಣಬಿನ ತವರಿನಲ್ಲಿ ಈ ಗತಿ!

ಬದಲಿಯ ವಿಷಯದಲ್ಲಿ ಗೃಹಸ್ಥರು ಸ್ವಲ್ಪ ಎಚ್ಚರದಿಂದಿರುವುದು ಯುಕ್ತ. ಈಗ ಅಂಗಡಿಗಳಲ್ಲಿಯೂ ಶುಭಕಾರ್ಯಗಳಲ್ಲಿಯೂ ಕೊಡುವ, ಬಟ್ಟೆಯಂತೆ ತೋರುವ, ಬಣ್ಣಬಣ್ಣದ ‘ನಾನ್‌ವೋವನ್’ ಚೀಲವು ಬಟ್ಟೆಯಲ್ಲ. ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಒತ್ತಿ ಮಾಡಿದ ಹಾಳೆ. ಕೆಲವು ತಿಂಗಳಲ್ಲಿ ಬಿಸಿಲಿಗೆ ಪುಡಿಪುಡಿಯಾಗಿ ಮಣ್ಣಿಗೆ ಸೇರುತ್ತದೆ. ನಿಜವಾದ ಹತ್ತಿಯ ಚೀಲವೂ ನಿರ್ದೋಷಿಯಲ್ಲ. ಹತ್ತಿಗೆ ನೀರು, ಗೊಬ್ಬರ, ಔಷಧ, ನೇಯ್ಗೆಯ ಶಕ್ತಿ ಎಲ್ಲವೂ ಬೇಕು. ಇಂಗ್ಲೆಂಡಿನ ಪರಿಸರ ಇಲಾಖೆಯು 2011ರಲ್ಲಿ ಪ್ರಕಟಿಸಿದ ಒಂದು ಲೆಕ್ಕದಂತೆ, ಒಮ್ಮೆ ಬಳಸಿ ಎಸೆದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ, ವಾತಾವರಣದ ಉಷ್ಣತೆಯನ್ನು ಹೆಚ್ಚಿಸುವ ವಿಷಯದಲ್ಲಿ ಸರಿದೂಗಬೇಕಾದರೆ ಕಾಗದದ ಚೀಲವನ್ನು 3 ಬಾರಿ, ಪಾಲಿಪ್ರೊಪಿಲೀನಿನದನ್ನು 11 ಬಾರಿ, ಹತ್ತಿಯದನ್ನು 131 ಬಾರಿ ಬಳಸಬೇಕು. ಈ ಲೆಕ್ಕದಲ್ಲಿ ಹಸುವಿನ ಹೊಟ್ಟೆಯಾಗಲಿ ಚರಂಡಿಯಾಗಲಿ ಸೇರಿಲ್ಲವೆಂಬುದನ್ನು ಮರೆಯಬಾರದು. ಆದರೂ ವಾರಕ್ಕೆ ಎರಡು ಸಲ ಪೇಟೆಗೆ ಒಯ್ಯುವ ಒಂದು ಚೀಲಕ್ಕೆ 131 ಬಾರಿಯೆಂದರೆ ಒಂದೂಕಾಲು ವರ್ಷ. ಹಳೆಯ ಪಂಚೆಯಿಂದಲೋ ಸೀರೆಯಿಂದಲೋ ಮನೆಯಲ್ಲಿ ಹೊಲಿದ ಚೀಲಕ್ಕೆ ಈ ಲೆಕ್ಕವೂ ಹತ್ತುವುದಿಲ್ಲ. ಅದರ ಹತ್ತಿ ಮೊದಲೇ ಒಂದು ಜನ್ಮವನ್ನು ಕಳೆದಿದೆ. ಮೂರು ಮೂರು ತಿಂಗಳಿಗೆ ಹೊಸ ಚೀಲವನ್ನು ಕೊಂಡು, ಅದರ ಮೇಲೆ ಪರಿಸರದ ಘೋಷಣೆಯನ್ನು ಅಚ್ಚುಹಾಕಿಸಿ, ಕಪಾಟಿನಲ್ಲಿ ಮಡಿಸಿಡುವುದರಿಂದ ಯಾರಿಗೂ ಹಿತವಿಲ್ಲ.

ಚೀಲವು ಮನೆಯಿಂದ ಹೋದರೂ ಅದರ ತಮ್ಮನು ಹಿಂಬಾಗಿಲಿನಿಂದ ಬರುತ್ತಾನೆಂಬುದು ಕ್ಯಾಲಿಫೋರ್ನಿಯಾದಲ್ಲಿ ಕಂಡುಬಂದ ಸಂಗತಿ. ಅಲ್ಲಿ ಕೈಚೀಲಗಳ ನಿಷೇಧದಿಂದ 4 ಕೋಟಿ ಪೌಂಡು ಪ್ಲಾಸ್ಟಿಕ್ಕು ಉಳಿಯಿತು. ಆದರೆ ಮನೆಯ ಕಸದ ಡಬ್ಬಿಯೊಳಗೆ ಹಾಸುವ ಚೀಲಗಳ ಮಾರಾಟವು ಹೆಚ್ಚಿ 1 ಕೋಟಿ 20 ಲಕ್ಷ ಪೌಂಡು ಮರಳಿ ಬಂದಿತೆಂದು 2019ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಅಂಗಡಿಯಿಂದ ಬಿಟ್ಟಿಯಾಗಿ ಬಂದ ಚೀಲದಲ್ಲಿ ಕಸವನ್ನು ಕಟ್ಟುತ್ತಿದ್ದವರು ಈಗ ಕಸಕ್ಕಾಗಿಯೇ ಚೀಲವನ್ನು ಕೊಂಡರು. ಬೆಂಗಳೂರಿನಲ್ಲಿಯೂ ಕಪ್ಪು ಚೀಲದ ವ್ಯಾಪಾರವು ಹೀಗೆಯೇ ಬೆಳೆಯಿತು. ಕರ್ನಾಟಕದ ಹೈಕೋರ್ಟು 2015ರ ಡಿಸೆಂಬರಿನಲ್ಲಿ ಬೆಂಗಳೂರಿನ ಮನೆಗಳಿಗೆ ಎರಡು ಡಬ್ಬಿ, ಒಂದು ಚೀಲ ಎಂಬ ಕ್ರಮವನ್ನು ವಿಧಿಸಿತು. ಹಸಿ ಕಸಕ್ಕೆ ಹಸಿರು ಡಬ್ಬಿ, ತಿರಸ್ಕೃತ ವಸ್ತುಗಳಿಗೆ ಕೆಂಪು ಡಬ್ಬಿ, ಒಣ ಕಸಕ್ಕೆ ಮತ್ತೆ ಮತ್ತೆ ಬಳಸುವ ಚೀಲ. ಹಸಿರು ಡಬ್ಬಿಗೆ ಒಳಚೀಲವನ್ನು ಹಾಕುವಂತಿಲ್ಲ; ಹಾಕಿದರೆ ಸಿಪ್ಪೆಯೂ ಪ್ಲಾಸ್ಟಿಕ್ಕೂ ಒಂದಾಗಿ ಗೊಬ್ಬರವು ಕೆಡುತ್ತದೆ. ಡಬ್ಬಿಯನ್ನು ದಿನವೂ ತೊಳೆಯುವುದು ಯಾರು ಎಂಬ ಪ್ರಶ್ನೆಯಲ್ಲಿ ಎಷ್ಟೋ ಮನೆಗಳು ನಿಂತುಹೋಗಿವೆ. ತೊಳೆಯುವ ಕೆಲಸವನ್ನು ಕೆಲಸದವಳ ಪಾಲಿಗೆ ಬಿಟ್ಟ ಮನೆಗಳಲ್ಲಿ ಕಪ್ಪು ಚೀಲವು ಬೇಗನೆ ಮರಳಿತು. ಒಂದು ಹಳೆಯ ಕಾಗದವನ್ನು ತಳಕ್ಕೆ ಹಾಸಿ, ಮನೆಯ ಯಜಮಾನನೋ ಮಕ್ಕಳೋ ಸರದಿಯಿಂದ ತೊಳೆಯುವ ಮನೆಗಳಲ್ಲಿ ಹಸಿರು ಡಬ್ಬಿಯು ಇಂದಿಗೂ ಒಳಚೀಲವಿಲ್ಲದೆ ನಡೆಯುತ್ತಿದೆ.